ಬಟಾಣಿ ಗಾತ್ರದ ಯಜಮಾನ, ಅವನ ಮೇಲೊಬ್ಬ ಯಜಮಾನ

ಮೂಗಿಗೆ ಸಿಂಬಳ ಇಳಿಯುವುದು ಪಿಟ್ಯುಟರಿ ಗ್ರಂಥಿಯ ಮೂಲಕ ಅಂತ ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ ಕಾಲದಿಂದ ನೂರಾರು ವರ್ಷ ವೈದ್ಯರು ನಂಬಿದ್ದರು. ಅದರ ಹೆಸರೇ ಕಫ ಅನ್ನುವ ಲ್ಯಾಟಿನ್ ಪದದಿಂದ ಬಂದದ್ದು. ಮಿದುಳಿನ ಅಡಿ, ಮೂಳೆಯ ಗುಳಿಯೊಂದರಲ್ಲಿ ಕೂತಿರುವ ಬಟಾಣಿ ಗಾತ್ರದ ಗ್ರಂಥಿ. ತೂಕ ಸುಮಾರು ಅರ್ಧ ಗ್ರಾಂ. ಇದಕ್ಕೂ ಮಕ್ಕಳಾಗುವುದಕ್ಕೂ ನಂಟಿದೆ ಅಂತ ಯಾರಿಗೆ ತಾನೇ ಹೊಳೆಯಬೇಕು?

1920ರ ದಶಕದ ಕೊನೆಗೆ ಹೊಳೆಯಿತು. ಅಮೆರಿಕದಲ್ಲಿ ಸ್ಮಿತ್ ಮತ್ತು ಎಂಗಲ್, ಬರ್ಲಿನ್‌ನಲ್ಲಿ ಜೊಂಡೆಕ್ ಮತ್ತು ಆಶ್‌ಹೈಮ್, ಇನ್ನೂ ಬಲಿಯದ ಹೆಣ್ಣಿಲಿಗಳಿಗೆ ಪಿಟ್ಯುಟರಿಯ ಚೂರು ಕಸಿ ಮಾಡಿದರು. ಕೆಲವೇ ದಿನಗಳಲ್ಲಿ ಅಂಡಾಶಯ ಬಲಿತುಬಿಟ್ಟಿತು! ಮುಂದೆ ಅದರಲ್ಲಿದ್ದ ಎರಡು ಹಾರ್ಮೋನ್ ಬೇರೆಬೇರೆಯಾಗಿ ಸಿಕ್ಕವು. ಎಫ್‌ಎಸ್‌ಎಚ್ ಅಂಡವಿರುವ ಪುಟ್ಟ ಚೀಲವನ್ನು ಬೆಳೆಸುತ್ತದೆ, ಎಲ್‌ಎಚ್ ಒಮ್ಮೆಲೇ ಏರಿ ಅಂಡವನ್ನು ಹೊರಗೆ ಬಿಡಿಸುತ್ತದೆ. ಗಂಡಸರಲ್ಲೂ ಇವೇ ಎರಡು. ಅಲ್ಲಿ ವೀರ್ಯಾಣು ಮತ್ತು ಟೆಸ್ಟೋಸ್ಟೆರಾನ್ ಇವುಗಳ ಜವಾಬ್ದಾರಿ. ಸರಿ, ಪಿಟ್ಯುಟರಿಗೆ 'ಗ್ರಂಥಿಗಳ ಯಜಮಾನ' ಅನ್ನೋ ಬಿರುದು ಅಂಟಿಕೊಂಡಿತು. ಅದು ಸ್ವಲ್ಪ ಜಾಸ್ತಿಯೇ ಆಯ್ತು ಅನ್ನೋದು ನನ್ನ ಲೆಕ್ಕ.

1952ರಲ್ಲಿ ಜೆಫ್ರಿ ಹ್ಯಾರಿಸ್ ಮತ್ತು ಡೋರಾ ಯಾಕೋಬ್‌ಸನ್ ಹೆಣ್ಣಿಲಿಗಳ ಪಿಟ್ಯುಟರಿ ತೆಗೆದು, ಬೇರೆ ಇಲಿಗಳ ಗ್ರಂಥಿಯನ್ನು ಎರಡು ಕಡೆ ಇಟ್ಟು ನೋಡಿದರು. ಪಿಟ್ಯುಟರಿಯ ಮೇಲಿರುವ ಮಿದುಳಿನ ಭಾಗವಾದ ಹೈಪೋಥಲಾಮಸ್‌ನ ಕೆಳಗೆ ಇಟ್ಟಾಗ ಇಲಿಗಳು ಮತ್ತೆ ಬೆದೆಗೆ ಬಂದವು, ಕೆಲವು ಗಬ್ಬವೂ ಆದವು. ಅಲ್ಲಿಂದ ಒಂಚೂರು ಪಕ್ಕಕ್ಕೆ, ಮಿದುಳಿನ ಬದಿಯ ಭಾಗದ ಕೆಳಗೆ ಇಟ್ಟಾಗ ಗ್ರಂಥಿ ಬದುಕಿತ್ತು, ರಕ್ತವೂ ಹರಿಯುತ್ತಿತ್ತು, ಆದ್ರೆ ಸುಮ್ನೆ ಕೂತಿತ್ತು. ಅಂದ್ರೆ ಅಪ್ಪಣೆ ಮೇಲಿನಿಂದ ಬರಬೇಕು, ಅಲ್ವಾ? ಆ ಅಪ್ಪಣೆಯ ಹಾರ್ಮೋನ್ ಜಿಎನ್‌ಆರ್‌ಎಚ್. ಅದರ ರಚನೆ 1971ರಲ್ಲಿ ಗೊತ್ತಾಯಿತು. ಇಂಥ ಹಾರ್ಮೋನ್‌ಗಳ ಕೆಲಸಕ್ಕೆ ಶ್ಯಾಲಿ ಮತ್ತು ಗಿಯ್ಮಾಗೆ 1977ರ ನೊಬೆಲ್ ಬಂತು.

ಕೆಳಗಿನವರ ಮಾತನ್ನೂ ಪಿಟ್ಯುಟರಿ ಕೇಳುತ್ತದೆ. ಅಂಡಾಶಯದ ಈಸ್ಟ್ರೋಜನ್ ಸಾಮಾನ್ಯವಾಗಿ ಅದಕ್ಕೆ 'ಸಾಕು' ಅನ್ನುತ್ತದೆ. ಮುಟ್ಟು ನಿಂತ ಮೇಲೆ ಹಾಗನ್ನುವವರು ಇಲ್ಲ, ಹಾಗಾಗಿ ಎಫ್‌ಎಸ್‌ಎಚ್ ಏರಿ ಮೂತ್ರದಲ್ಲಿ ಹೊರಬೀಳುತ್ತದೆ. ಇಟಲಿಯ ವಯಸ್ಸಾದ ಕ್ರೈಸ್ತ ಸನ್ಯಾಸಿನಿಯರ ಮೂತ್ರದಿಂದ ಅದನ್ನು ಬೇರ್ಪಡಿಸಿ ಮಕ್ಕಳಾಗದವರಿಗೆ ಔಷಧಿ ಮಾಡಿದರು. ಆ ಚಿಕಿತ್ಸೆಯ ಮೊದಲ ಮಗು 1962ರಲ್ಲಿ ಇಸ್ರೇಲ್‌ನಲ್ಲಿ ಹುಟ್ಟಿತು.

ಇನ್ನೊಂದು ವಿಚಿತ್ರ. ಅರ್ನ್ಸ್ಟ್ ನೋಬಿಲ್ 1978ರಲ್ಲಿ ಕೋತಿಗಳಿಗೆ ಜಿಎನ್‌ಆರ್‌ಎಚ್ ಅನ್ನು ಗಂಟೆಗೊಮ್ಮೆ ಕೊಟ್ಟಾಗ ಪಿಟ್ಯುಟರಿ ಕೆಲಸ ಮಾಡಿತು, ಬಿಡದೆ ಹರಿಸಿದಾಗ ಮೌನವಾಯಿತು. ಈಗ ತೀರಾ ಬೇಗ ಮೈನೆರೆಯುವ ಮಕ್ಕಳಿಗೆ ಪಿಟ್ಯುಟರಿಯನ್ನು ಸುಮ್ಮನಿರಿಸಲು ಬಹಳ ದಿನ ಕೆಲಸ ಮಾಡುವ ಜಿಎನ್‌ಆರ್‌ಎಚ್ ಬಗೆಯ ಇಂಜೆಕ್ಷನ್ ಕೊಡುತ್ತಾರೆ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಪಿಟ್ಯುಟರಿ ಮತ್ತೆ ಕೆಲಸ ಶುರು ಮಾಡುತ್ತದೆ.