ಬಿಇಎಲ್ ಓದುವಾಗ ಇಸವಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ

ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್, ಅಂದರೆ ಸೇನೆಗೆ ಎಲೆಕ್ಟ್ರಾನಿಕ್ ಉಪಕರಣ ಮಾಡುವ ನಮ್ಮ ಸರ್ಕಾರಿ ಕಂಪನಿ ಬಿಇಎಲ್ ಬಗ್ಗೆ ಪರೀಕ್ಷೆಗೆ ನೋಟ್ಸ್ ಮಾಡಲು ಕೂತರೆ ಸಾಮಾನ್ಯವಾಗಿ ಎಲ್ಲರೂ ಇಸವಿಗಳ ಪಟ್ಟಿ ಬರೆದು ಉರು ಹೊಡೆಯುತ್ತಾರೆ. 1954 ಸ್ಥಾಪನೆ, 1974 ಗಾಜಿಯಾಬಾದ್, 2007 ನವರತ್ನ ದರ್ಜೆ, ಹೀಗೆ. ನಾನೂ ಹಾಗೇ ಶುರು ಮಾಡಿದೆ, ಎರಡು ವಾರದಲ್ಲಿ ಎಲ್ಲ ಕಲಸಿಹೋಯಿತು. ಆಮೇಲೆ ಪ್ರತಿ ಇಸವಿಯ ಪಕ್ಕ ಒಂದೇ ಪ್ರಶ್ನೆ ಬರೆದುಕೊಂಡೆ: ಆ ಹೊತ್ತಿಗೆ ನಮ್ಮ ಸೇನೆಗೆ ಯಾವುದು ಸಿಗುತ್ತಿರಲಿಲ್ಲ? ಅಲ್ಲಿಂದ ಮುಂದೆ ನೆನಪಿಡುವ ಕಷ್ಟವೇ ಬರಲಿಲ್ಲ.

ಶುರು ಬೆಂಗಳೂರಿನ ಜಾಲಹಳ್ಳಿಯಿಂದ. ಆಗಲೇ ಈ ಊರಲ್ಲಿ ವಿಮಾನದ 1940ರ ಎಚ್ಎಎಲ್ ಇತ್ತು, ಟೆಲಿಫೋನಿನ 1948ರ ಐಟಿಐ ಇತ್ತು, ಯಂತ್ರೋಪಕರಣದ 1953ರ ಎಚ್ಎಂಟಿ ಇತ್ತು. 1954ರಲ್ಲಿ ರಕ್ಷಣಾ ಸಚಿವಾಲಯದ ಅಡಿಯಲ್ಲಿ ಬಿಇಎಲ್ ಬಂತು. ತಂತ್ರಜ್ಞಾನ ಕೊಟ್ಟಿದ್ದು ಫ್ರಾನ್ಸಿನ ಸಿಎಸ್ಎಫ್ ಕಂಪನಿ. 1956ರಲ್ಲಿ ಉತ್ಪಾದನೆ ಶುರುವಾಯಿತು, ಮೊದಲು ಕೈಗೆತ್ತಿಕೊಂಡಿದ್ದು ಸಂಪರ್ಕ ಉಪಕರಣ. ಯಾಕೆ ಅದೇ ಮೊದಲು? ವೈರ್‌ಲೆಸ್ ಇಲ್ಲದ ಸೇನೆಗೆ ಬಂದೂಕಿದ್ದರೂ ಕಿವಿ, ಬಾಯಿ ಇಲ್ಲ. ಮುಂದಿನ ಸಾಲಿನಲ್ಲಿ ಏನಾಗುತ್ತಿದೆ ಅನ್ನುವುದು ಹಿಂದಿನವರಿಗೆ ತಿಳಿಯಬೇಕಲ್ವಾ.

ಇಲ್ಲಿ ಒಂದು ವಿಷಯ ನಿಧಾನವಾಗಿ ಓದಿ. ಸೆಟ್ ಜೋಡಿಸುವುದು ಒಂದು ಕೆಲಸ, ಅದರೊಳಗಿನ ಬಿಡಿಭಾಗ ಮಾಡುವುದು ಬೇರೆಯೇ ಕೆಲಸ. ಆ ಕಾಲದ ರೇಡಿಯೋದ ಜೀವ ಇದ್ದದ್ದು ವಾಲ್ವ್‌ನಲ್ಲಿ. ಗಾಳಿ ತೆಗೆದ ಗಾಜಿನ ಬುರುಡೆ, ಒಳಗೆ ಕಾಯುವ ತಂತಿ, ಎದುರಿಗೆ ಒಂದು ಲೋಹದ ತಗಡು, ನಡುವೆ ತೆಳ್ಳನೆಯ ಜಾಲರಿ. ತಂತಿ ಕಾದಾಗ ಎಲೆಕ್ಟ್ರಾನ್‌ಗಳು ಹೊರಬಿದ್ದು ತಗಡಿನ ಕಡೆ ಓಡುತ್ತವೆ. ಜಾಲರಿಯ ವೋಲ್ಟೇಜನ್ನು ಚೂರು ಹೆಚ್ಚು ಕಡಿಮೆ ಮಾಡಿದರೆ ಆ ಓಟವೇ ಜೋರಾಗುತ್ತದೆ ಇಲ್ಲವೇ ತಗ್ಗುತ್ತದೆ. ಅಂದರೆ ಆಂಟೆನಾದಿಂದ ಬಂದ ತೀರಾ ಸಣ್ಣ ಸಿಗ್ನಲ್ ಒಂದು ದೊಡ್ಡ ಕರೆಂಟನ್ನು ಕುಣಿಸುತ್ತದೆ. ಆಂಪ್ಲಿಫೈ ಮಾಡುವುದು ಅಂದರೆ ಇದೇ. ಈ ಬುರುಡೆ ಹೊರದೇಶದಿಂದ ಬರುವುದು ನಿಂತರೆ ನಮ್ಮ ಸೆಟ್ ಸುಮ್ನೆ ಒಂದು ಡಬ್ಬ.

ಹಾಗಾಗಿ 1961ರಲ್ಲಿ ರಿಸೀವಿಂಗ್ ವಾಲ್ವ್, 1962ರಲ್ಲಿ ವಾಲ್ವ್ ಕೆಲಸವನ್ನೇ ಗಾಜಿನ ಬುರುಡೆ ಇಲ್ಲದೆ ಮಾಡುವ ಜರ್ಮೇನಿಯಂ ಸೆಮಿಕಂಡಕ್ಟರ್, 1967ರ ಹೊತ್ತಿಗೆ ಸಿಲಿಕಾನ್ ಬಿಡಿಭಾಗ, 1968ರಲ್ಲಿ ಕಪ್ಪು ಬಿಳುಪು ಟಿವಿಯ ಪಿಕ್ಚರ್ ಟ್ಯೂಬ್. ಈ ಸಾಲನ್ನು ಹೀಗೇ ಒಟ್ಟಿಗೆ ನೆನಪಿಡಿ, ಇದು ಗಾಜಿನ ಬುರುಡೆಯಿಂದ ಚಿಪ್‌ವರೆಗಿನ ದಾರಿ. ನಡುವೆ 1962ರ ಚೀನಾ ಯುದ್ಧ ಬಂತು. ಮರುವರ್ಷವೇ ಎಲೆಕ್ಟ್ರಾನಿಕ್ಸ್‌ನಲ್ಲಿ ದೇಶ ಎಲ್ಲಿದೆ ಎಂದು ನೋಡಲು ಹೋಮಿ ಭಾಭಾ ನೇತೃತ್ವದ ಸಮಿತಿ ರಚನೆಯಾಯಿತು, 1966ರಲ್ಲಿ ವರದಿ ಬಂತು. ಅದೇ 1966ರಲ್ಲಿ ಬಿಇಎಲ್ ರೇಡಾರ್ ತಯಾರಿಕೆಗೂ ಇಳಿಯಿತು. ನನಗೆ ಈ ಭಾಗ ಓದುವಾಗೆಲ್ಲ ಬೇಸರವಾಗುವುದು ಒಂದು ವಿಷಯಕ್ಕೆ. ಅಷ್ಟು ಬೇಗ ಸಿಲಿಕಾನ್‌ಗೆ ಕೈ ಹಾಕಿದ ದೇಶ ಮುಂದಿನ ದಶಕಗಳಲ್ಲಿ ಚಿಪ್ ವಿಷಯದಲ್ಲಿ ಹಿಂದೆ ಬಿತ್ತು.

ಈಗ ಎಲ್ಲರೂ ತಪ್ಪು ಮಾಡುವ ಜಾಗ. ಡಿಆರ್‌ಡಿಒ ಮತ್ತು ಬಿಇಎಲ್ ಒಂದೇ ಅಂತ ಬರೆಯುವವರು ಜಾಸ್ತಿ. ಅಲ್ಲ. ಡಿಆರ್‌ಡಿಒ ಸರ್ಕಾರದ ಸಂಶೋಧನಾ ಸಂಸ್ಥೆ. ಬಿಇಎಲ್ ಕಂಪನಿ, ರಕ್ಷಣಾ ಉತ್ಪಾದನಾ ಇಲಾಖೆಯ ಕೆಳಗೆ ಬರುತ್ತದೆ, ಮಾಲು ಮಾಡಿ ಮಾರಿ ಲಾಭ ತೋರಿಸಬೇಕು. ಬಹಳಷ್ಟು ಸಲ ವಿನ್ಯಾಸ ಅವರದು, ತಯಾರಿ ಇವರದು, ಕೊಳ್ಳುವುದು ಸೇನೆ. ಬಿಇಎಲ್‌ಗೂ ಸ್ವಂತ ಸಂಶೋಧನಾ ವಿಭಾಗಗಳಿವೆ, ಬೆಂಗಳೂರು ಮತ್ತು ಗಾಜಿಯಾಬಾದ್‌ನಲ್ಲಿ ಕೇಂದ್ರ ಸಂಶೋಧನಾ ಪ್ರಯೋಗಾಲಯಗಳೂ ಇವೆ, ಅದನ್ನು ಬಿಡಬೇಡಿ.

ಈ ಮೂವರ ಸಂಬಂಧ ಅರ್ಥವಾಗಲು ಸ್ವಾತಿ ರೇಡಾರ್ ಸಾಕು. 1999ರ ಕಾರ್ಗಿಲ್‌ನಲ್ಲಿ ಶತ್ರುವಿನ ಫಿರಂಗಿ ಎಲ್ಲಿಂದ ಹೊಡೆಯುತ್ತಿದೆ ಅಂತ ಕಂಡುಹಿಡಿಯುವ ರೇಡಾರ್ ನಮ್ಮಲ್ಲಿ ಇರಲಿಲ್ಲ. ಗುಡ್ಡದ ಆಚೆಯಿಂದ ಶೆಲ್ ಬಂದು ಬೀಳುತ್ತಿದೆ, ತಿರುಗಿ ಹೊಡೆಯಬೇಕು, ಎಲ್ಲಿಗೆ? 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹಾಕಿತ್ತು. 2002ರಲ್ಲಷ್ಟೇ ಅಲ್ಲಿಂದ ಇಂಥ ರೇಡಾರ್ ಕೊಳ್ಳುವ ಒಪ್ಪಂದವಾಯಿತು. ಇತ್ತ ಬೆಂಗಳೂರಿನಲ್ಲೇ ಇರುವ ಡಿಆರ್‌ಡಿಒದ ರೇಡಾರ್ ಪ್ರಯೋಗಾಲಯ ಎಲ್ಆರ್‌ಡಿಇ ಸ್ವಾತಿಯ ವಿನ್ಯಾಸ ಮಾಡಿತು, ಬಿಇಎಲ್ ತಯಾರಿಸಿತು. 2017ರ ಮಾರ್ಚ್‌ನಲ್ಲಿ ವಿಧ್ಯುಕ್ತವಾಗಿ ಸೇನೆಗೆ ಹಸ್ತಾಂತರವಾಯಿತು.

ಕೆಲಸ ಮಾಡುವ ಬಗೆ ನಿಜಕ್ಕೂ ಚೆಂದ. ಮೇಲಕ್ಕೆ ಎಸೆದ ಕಲ್ಲು ಬಾಗಿದ ದಾರಿಯಲ್ಲಿ ಬರುತ್ತದೆ, ಶೆಲ್ ಕೂಡ ಹಾಗೇ. ರೇಡಾರ್ ಆ ದಾರಿಯ ಒಂದು ತುಂಡನ್ನು ನೋಡಿದರೆ ಸಾಕು. ಶೆಲ್ ಇಷ್ಟು ಹೊತ್ತಿಗೆ ಇಲ್ಲಿತ್ತು, ಇಷ್ಟು ಹೊತ್ತಿಗೆ ಇಲ್ಲಿತ್ತು ಅಂತ ಹಲವು ಬಿಂದುಗಳನ್ನು ಅಳೆದು, ಗಾಳಿಯ ತಡೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಗೆರೆಯನ್ನು ಹಿಂದಕ್ಕೆ ಎಳೆದರೆ ಫಿರಂಗಿ ನಿಂತ ಜಾಗ, ಮುಂದಕ್ಕೆ ಎಳೆದರೆ ಶೆಲ್ ಬೀಳುವ ಜಾಗ. ಇದಕ್ಕೆ ತಟ್ಟೆಯನ್ನು ಗಿರಗಿರ ತಿರುಗಿಸುತ್ತಾ ಕೂತರೆ ಆಗದು, ಅಷ್ಟು ಹೊತ್ತು ಶೆಲ್ ಕಾಯುವುದಿಲ್ಲ. ಅದಕ್ಕೇ ಫೇಸ್ಡ್ ಅರೇ. ಒಂದೇ ಫಲಕದ ಮೇಲೆ ಸಾಲು ಸಾಲು ಪುಟ್ಟ ಆಂಟೆನಾಗಳಿರುತ್ತವೆ, ಒಂದೊಂದರ ಸಿಗ್ನಲ್‌ನ ಫೇಸನ್ನು, ಅಂದರೆ ಅಲೆ ಏರಿಳಿಯುವ ಹೊತ್ತನ್ನು, ಕಂಪ್ಯೂಟರ್ ಬದಲಿಸುತ್ತಾ ಹೋದರೆ ಫಲಕ ಅಲುಗಾಡದೆ ಕಿರಣ ಮಾತ್ರ ಎಡಕ್ಕೆ ಬಲಕ್ಕೆ ಜಿಗಿಯುತ್ತದೆ. ಆಕಾಶ್ ಕ್ಷಿಪಣಿಗಾಗಿ ಮಾಡಿದ ರಾಜೇಂದ್ರ ರೇಡಾರ್‌ನಲ್ಲಿ ಕಲಿತದ್ದೇ ಇಲ್ಲಿ ಕೈಹಿಡಿಯಿತು. ಮುಂದೆ ಸ್ವಾತಿ ಅರ್ಮೇನಿಯಾಕ್ಕೂ ರಫ್ತಾಯಿತು.

ಘಟಕಗಳ ಬಗ್ಗೆ ಬೇಗ ಮುಗಿಸೋಣ. 1974ರಲ್ಲಿ ಗಾಜಿಯಾಬಾದ್, 1979ರಲ್ಲಿ ಪುಣೆ, 1983ರಲ್ಲಿ ಮಚಲೀಪಟ್ನಂನ ಆಂಧ್ರ ಸೈಂಟಿಫಿಕ್ ಕಂಪನಿ ಬಿಇಎಲ್ ಕೈಗೆ ಬಂತು. ಎಂಬತ್ತರ ದಶಕದಲ್ಲೇ ಪಂಚಕುಲಾ, ಕೋಟದ್ವಾರ, ಚೆನ್ನೈ, ಹೈದರಾಬಾದ್, ನವಿ ಮುಂಬೈ. ಬೆಂಗಳೂರು ಸೇರಿ ಒಂಬತ್ತು. ಪುಣೆ ಅಂದರೆ ರಾತ್ರಿ ನೋಡುವ ಉಪಕರಣಗಳ ಟ್ಯೂಬ್, ಇಷ್ಟು ಜೋಡಿಸಿಕೊಂಡರೆ ಸಾಕು.

ಮತಯಂತ್ರ ಬಿಇಎಲ್ ಮಾಡುತ್ತದೆ ಅನ್ನುವುದು ಗೊತ್ತಿದ್ದರೂ, ಎರಡನೇ ಕಂಪನಿಯ ಹೆಸರು ಹಲವರಿಗೆ ನೆನಪಾಗುವುದಿಲ್ಲ. ಅದು ಹೈದರಾಬಾದಿನ ಇಸಿಐಎಲ್, ಅಣುಶಕ್ತಿ ಇಲಾಖೆಯದು. 1982ರಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮತಯಂತ್ರವನ್ನು ಮೊದಲು ಬಳಸಿದರು. ಆಗ ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶವಿಲ್ಲ ಅಂತ 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪ್ರಜಾಪ್ರತಿನಿಧಿ ಕಾಯ್ದೆಗೆ ಯಂತ್ರಕ್ಕೆ ಅವಕಾಶ ಕೊಡುವ 61ಎ ಕಲಂ ಸೇರಿದ ಮೇಲೆ 1989ರಿಂದ ದಾರಿ ಸುಗಮವಾಯಿತು, 2004ರ ಲೋಕಸಭಾ ಚುನಾವಣೆ ಪೂರ್ತಿ ಯಂತ್ರದಲ್ಲೇ ನಡೆಯಿತು. ಕಾನೂನು ಓದುವವರಿಗೂ ಇದು ಬೇಕಾಗುವ ಭಾಗ. ಯಂತ್ರ ತಯಾರಿದ್ದರೂ ಕಾಯ್ದೆ ಬರುವವರೆಗೆ ಅದು ಕಾಯಬೇಕಾಯಿತು.

ಹಣದ ಲೆಕ್ಕ. 1992ರಲ್ಲಿ ಸರ್ಕಾರ ಒಂದಷ್ಟು ಷೇರು ಮಾರಿತು, ಈಗ ಅದರ ಪಾಲು 51.14 ಶೇಕಡಾ. ನವರತ್ನ ಅಂದರೆ ಸರ್ಕಾರ ತನ್ನ ಕಂಪನಿಗಳಿಗೆ ಕೊಡುವ ದರ್ಜೆ, ಬರೀ ಬಿರುದಲ್ಲ. ಒಂದು ಯೋಜನೆಗೆ 1,000 ಕೋಟಿ ರೂಪಾಯಿವರೆಗೆ, ಅಥವಾ ನಿವ್ವಳ ಮೌಲ್ಯದ 15 ಶೇಕಡಾವರೆಗೆ, ಸರ್ಕಾರವನ್ನು ಕೇಳದೆ ಹೂಡಬಹುದು. 2025ರ ಜೂನ್‌ನಲ್ಲಿ ಬಿಇಎಲ್ ಷೇರು ಸೆನ್ಸೆಕ್ಸ್ ಸೂಚ್ಯಂಕಕ್ಕೂ ಸೇರಿತು. 2020ರಲ್ಲಿ ಕೊರೊನಾ ಬಂದಾಗ 30,000 ವೆಂಟಿಲೇಟರ್‌ಗಳನ್ನು ಮಾಡಿಕೊಟ್ಟಿದ್ದನ್ನೂ ಬರೆದುಕೊಳ್ಳಿ. ಮೇಲೆ ಕೇಳಿದ ಪ್ರಶ್ನೆಗೆ ಇದೂ ಸೇರುತ್ತದೆ, ಆಗ ದುಡ್ಡು ಕೊಟ್ಟರೂ ಹೊರಗಿನಿಂದ ವೆಂಟಿಲೇಟರ್ ಸಿಗುವುದು ಕಷ್ಟವಿತ್ತು.

ಕೊನೆಗೆ ಹೆಸರಿನ ಗೊಂದಲ ಒಂದು. ಆಕಾಶ್ ಕ್ಷಿಪಣಿ ಬೇರೆ, ಆಕಾಶ್‌ತೀರ್ ಬೇರೆ. ಆಕಾಶ್ ನೆಲದಿಂದ ಆಕಾಶಕ್ಕೆ ಹಾರುವ ಕ್ಷಿಪಣಿ, ಅದನ್ನು ತಯಾರಿಸುವುದು ಬಿಡಿಎಲ್ (ಭಾರತ್ ಡೈನಾಮಿಕ್ಸ್) ಅನ್ನುವ ಇನ್ನೊಂದು ಸರ್ಕಾರಿ ಕಂಪನಿ, ಆದರೆ ವಾಯುಪಡೆಗೆ ರೇಡಾರ್ ಸಮೇತ ಇಡೀ ವ್ಯವಸ್ಥೆ ಜೋಡಿಸಿಕೊಟ್ಟಿದ್ದು ಬಿಇಎಲ್. ಆಕಾಶ್‌ತೀರ್ ಹಾರುವ ವಸ್ತುವೇ ಅಲ್ಲ. ಬೇರೆ ಬೇರೆ ಕಡೆಯ ರೇಡಾರ್‌ಗಳು ಕಂಡದ್ದನ್ನು ಸೇರಿಸಿ, ಆಕಾಶದಲ್ಲಿ ಏನೇನಿದೆ ಅನ್ನುವ ಒಂದೇ ಚಿತ್ರವನ್ನು ಭೂಸೇನೆಯ ವಾಯುರಕ್ಷಣಾ ತುಕಡಿಗಳ ಮುಂದೆ ಇಡುವ ವ್ಯವಸ್ಥೆ. 2023ರ ಮಾರ್ಚ್‌ನಲ್ಲಿ 1,982 ಕೋಟಿ ರೂಪಾಯಿಯ ಒಪ್ಪಂದವಾಯಿತು, 2025ರ ಮೇ ತಿಂಗಳ ಆಪರೇಷನ್ ಸಿಂಧೂರದಲ್ಲಿ ಬಳಕೆಯಾಯಿತು. ಪ್ರಶ್ನೆಪತ್ರಿಕೆಯಲ್ಲಿ ಹೆಸರಿನ ಕೊನೆಯ ಎರಡಕ್ಷರ ನೋಡಿಯೇ ಟಿಕ್ ಹಾಕಿ.