ಬುಟ್ಟಿ ಟೋಪಿಯ ಸನ್ಯಾಸಿಗಳ ಕೊಳಲು: ಧ್ಯಾನವೋ, ಸಂಗೀತವೋ?

ಜಪಾನಿನ ಬಿದಿರು ಕೊಳಲು ಶಾಕುಹಾಚಿ ಕಲಿಯಲು ಹೋದವರಿಗೆ ಎಷ್ಟೋ ಕಡೆ ಮೊದಲ ಪಾಠ ಒಂದೇ ಸ್ವರ. ಐದೂ ರಂಧ್ರ ಮುಚ್ಚಿ, ತುಂಬು ಉಸಿರಲ್ಲಿ 'ರೋ' ಊದಬೇಕು. ಶುರುವಿನಲ್ಲಿ ಅದೂ ಬರುವುದಿಲ್ಲ. ಬರೀ ಗಾಳಿಯ ಸದ್ದು, ಜೊತೆಗೆ ತಲೆಸುತ್ತು. ನಮ್ಮ ಕೊಳಲಿನಂತೆ ಇದನ್ನು ಅಡ್ಡ ಹಿಡಿಯುವುದಿಲ್ಲ. ತುದಿಗೆ ತುಟಿಯಿಟ್ಟು ಕೆಳಮುಖವಾಗಿ ಹಿಡಿಯುತ್ತಾರೆ. ಆ ತುದಿಯಲ್ಲಿ ಓರೆಯಾಗಿ ಕೊಯ್ದ ಅಂಚಿಗೆ ಉಸಿರು ಸರಿಯಾಗಿ ಬಡಿದರೆ ಮಾತ್ರ ನಾದ. ಗದ್ದ ತಗ್ಗಿಸಿದರೆ ಶ್ರುತಿ ಇಳಿಯುತ್ತದೆ, ಎತ್ತಿದರೆ ಏರುತ್ತದೆ. 'ಕತ್ತು ಆಡಿಸಲು ಮೂರು ವರ್ಷ' ಅಂತ ಜಪಾನಿನಲ್ಲಿ ಗಾದೆಯೇ ಇದೆ.

ಇದು ಸಂಗೀತ ಪಾಠ ಅನ್ನುವ ಗುರುಗಳಿದ್ದಾರೆ. ಅಲ್ಲ, ಇದು 'ಸುಯಿಜೆನ್', ಊದುತ್ತಲೇ ಮಾಡುವ ಜೆನ್ (ಬೌದ್ಧರ ಒಂದು ಧ್ಯಾನಮಾರ್ಗ) ಸಾಧನೆ, ಕೇಳುವವರು ಇರಲೇಬೇಕಾಗಿಲ್ಲ ಅನ್ನುವವರೂ ಇದ್ದಾರೆ. ಈ ತಕರಾರು ಇಂದು ನಿನ್ನೆಯದಲ್ಲ.

ಜಪಾನಿಗೆ ಈ ಜಾತಿಯ ಕೊಳಲು ಬಂದಿದ್ದು ಚೀನಾ ಕಡೆಯಿಂದ, ಅರಮನೆಯ ವಾದ್ಯವಾಗಿ. ನಾರಾದ ಶೊಸೊಯಿನ್ ಭಂಡಾರದಲ್ಲಿ 8ನೇ ಶತಮಾನದ ಎಂಟು ಕೊಳಲುಗಳು ಈಗಲೂ ಇವೆ. ಅವಕ್ಕೆ ಆರು ರಂಧ್ರ. ಜೆನ್‌ಗೂ ಅವಕ್ಕೂ ಸಂಬಂಧವಿಲ್ಲ.

ಸಂಬಂಧ ಕಟ್ಟಿದ್ದು ಜೆನ್‌ನ ಒಂದು ಕವಲಾದ ಫುಕೆ ಪಂಥ. ಅವರ ಕಥೆ ಹೀಗಿದೆ: ಚೀನಾದ ಟ್ಯಾಂಗ್ ಕಾಲದಲ್ಲಿ ಫುಕೆ ಎಂಬ ಹುಚ್ಚು ಸಂತ ಗಂಟೆ ಬಾರಿಸುತ್ತಾ ಬೀದಿ ಅಲೆಯುತ್ತಿದ್ದ. ಆ ನಾದಕ್ಕೆ ಮರುಳಾದ ಒಬ್ಬ ಅದನ್ನೇ ಬಿದಿರಿನಲ್ಲಿ ಊದಿದ. ತಲೆಮಾರು ದಾಟಿ ಬಂದ ಆ ರಾಗವನ್ನು ಜಪಾನಿನ ಕಾಕುಶಿನ್ ಎಂಬ ಭಿಕ್ಷು ಕಲಿತು 1254ರಲ್ಲಿ ಊರಿಗೆ ತಂದ. ಕಾಕುಶಿನ್ ಚೀನಾಕ್ಕೆ ಹೋಗಿ ಬಂದಿದ್ದು ನಿಜ. ಆದರೆ ಕೊಳಲಿನ ಈ ಕಥೆ ಅಚ್ಚಾಗಿದ್ದು 1795ರಲ್ಲಿ! ಐನೂರು ವರ್ಷ ತಡವಾಯಿತು, ಅಲ್ವಾ?

ನಿಜವಾಗಿ ನಡೆದಿದ್ದು ಇಷ್ಟು. 1600ರ ಸೆಕಿಗಾಹಾರಾ ಯುದ್ಧ, 1615ರ ಒಸಾಕಾ ಕೋಟೆಯ ಪತನ, ಇವೆರಡರ ನಂತರ ಒಡೆಯನನ್ನು ಕಳೆದುಕೊಂಡ ಸಮುರಾಯ್‌ಗಳು ಸಾವಿರಗಟ್ಟಲೆ ಬೀದಿಗೆ ಬಿದ್ದರು. ಕೊಳಲೂದಿ ಭಿಕ್ಷೆ ಬೇಡುವ ಅಲೆಮಾರಿಗಳು ಮೊದಲೇ ಇದ್ದರು. ಇವರಲ್ಲಿ ಹಲವರು ಅವರ ಜೊತೆ ಸೇರಿಕೊಂಡರು. ಹೀಗೆ ರೂಪುಗೊಂಡವರೇ 'ಕೊಮುಸೊ'ಗಳು. ಮುಖವೆಲ್ಲ ಮುಚ್ಚುವ ಬುಟ್ಟಿಯಂಥ ಟೋಪಿ ಅವರ ಗುರುತು. 1614ರಲ್ಲಿ ಆಗ ಜಪಾನನ್ನು ಆಳುತ್ತಿದ್ದ ಸೇನಾ ಮನೆತನದ ಮೂಲಪುರುಷ ತೊಕುಗಾವಾ ಇಯೆಯಾಸು ತಮಗೆ ಸನ್ನದು ಕೊಟ್ಟಿದ್ದಾನೆ ಎಂದು ಅವರು ಒಂದು ಪತ್ರ ತೋರಿಸುತ್ತಿದ್ದರು. ಎಲ್ಲಿ ಬೇಕಾದರೂ ಓಡಾಡಬಹುದು, ಶಾಕುಹಾಚಿ ಊದುವ ಹಕ್ಕು ತಮಗೆ ಮಾತ್ರ, ಹೀಗೆಲ್ಲ ಅದರಲ್ಲಿತ್ತು. ಅದು ಖೋಟಾ ಎಂದು 20ನೇ ಶತಮಾನದಲ್ಲಿ ಸಂಶೋಧಕ ನಾಕಾಜುಕಾ ಚಿಕುಜೆನ್ ಬಿಡಿಸಿ ತೋರಿಸಿದರು. ಸರ್ಕಾರ 1677ರಲ್ಲಿ ಪಂಥಕ್ಕೆ ನಿಯಮ ಮಾಡಿತ್ತು, ಅದು ಮಾತ್ರ ಅಸಲಿ.

ಹಾಗಂತ ಎಲ್ಲವೂ ಹೊಟ್ಟೆಪಾಡಿನ ನಾಟಕ ಅನ್ನಲು ನನಗೆ ಮನಸ್ಸಿಲ್ಲ. ಪತ್ರ ಸುಳ್ಳು, ಊದಿದ್ದು ಸುಳ್ಳಲ್ಲ. 18ನೇ ಶತಮಾನದಲ್ಲಿ ಕುರೊಸಾವಾ ಕಿಂಕೊ ಎಂಬ ಕೊಮುಸೊ ಮಠಗಳಲ್ಲಿದ್ದ ರಚನೆಗಳನ್ನು ಹುಡುಕಿ ಒಟ್ಟು ಮಾಡಿದ. ಅವನ ಪರಂಪರೆಯಲ್ಲಿ ಅಂಥ 36 ಕೃತಿಗಳಿವೆ. ತಾಳದ ಕಟ್ಟಿಲ್ಲ, ಒಂದು ಉಸಿರು ಎಷ್ಟು ಉದ್ದವೋ ಒಂದು ಸಾಲು ಅಷ್ಟು ಉದ್ದ. ಅದೇ ಪರಂಪರೆಯ ಹಿಸಾಮಾತ್ಸು ಫುಯೊ 1823ರ ಸುಮಾರಿಗೆ ಇದನ್ನು ಜೆನ್ ಸಾಧನವೆಂದೇ ವಾದಿಸಿ ಬರೆದ. ಅದೇ ಕಾಲಕ್ಕೆ ಪೇಟೆಯ ಜನ ದುಡ್ಡು ಕೊಟ್ಟು, ಸುಮ್ನೆ ಖುಷಿಗೆ ಕಲಿಯುತ್ತಲೂ ಇದ್ದರು. ಎರಡೂ ಒಟ್ಟಿಗೇ ಸಾಗಿದ್ದವು.

ಒಡೆದಿದ್ದು 1871ರಲ್ಲಿ. ತೊಕುಗಾವಾ ಆಳ್ವಿಕೆಯ ನಂತರ ಬಂದ ಮೇಜಿ ಸರ್ಕಾರ ಫುಕೆ ಪಂಥವನ್ನೇ ರದ್ದು ಮಾಡಿತು. ಮಠಗಳು ಹೋದವು, ಸನ್ಯಾಸಿಗಳು ಸಾಮಾನ್ಯ ಪ್ರಜೆಗಳಾದರು. ಕೊಳಲನ್ನಾದರೂ ಉಳಿಸಬೇಕಲ್ಲ? ಕಿಂಕೊ ಪರಂಪರೆಯ ಯೋಶಿದಾ ಇಚ್ಚೊ ಮತ್ತು ಅರಾಕಿ ಕೊದೊ ಇದೊಂದು ವಾದ್ಯ, ಯಾರು ಬೇಕಾದರೂ ನುಡಿಸಲಿ ಎಂದು ಸರ್ಕಾರದ ಮುಂದೆ ಅಹವಾಲು ಇಟ್ಟರು. ಒಪ್ಪಿಗೆ ಸಿಕ್ಕಿತು. ಶಾಕುಹಾಚಿ ಕೊತೊ, ಶಾಮಿಸೆನ್ ಎಂಬ ತಂತಿವಾದ್ಯಗಳ ಜೊತೆ ಕಛೇರಿಗೆ ಕೂತಿತು. 1896ರಲ್ಲಿ ನಾಕಾವೊ ತೊಜಾನ್ ಒಸಾಕಾದಲ್ಲಿ ಹೊಸ ಪರಂಪರೆಯನ್ನೇ ಶುರು ಮಾಡಿದರು.

ಇತ್ತ ಮೇಜಿ ಸರ್ಕಾರ ಭಿಕ್ಷಾಟನೆಗೆ ಹಾಕಿದ್ದ ನಿಷೇಧ 1881ರಲ್ಲಿ ತೆರವಾಯಿತು. ಕ್ಯೋಟೊದ ತೊಫುಕುಜಿ ಮಠದ ಆವರಣದಲ್ಲಿ ಫುಕೆ ಪಂಥದ ಹಳೆಯ ಮಠ ಮ್ಯೋಆಂಜಿಯ ಹೆಸರಲ್ಲಿ ಊದುವವರು ಮತ್ತೆ ಕೂಡಿದರು. ಚದುರಿದ್ದ ಕೃತಿಗಳನ್ನು ಹಿಗುಚಿ ತೈಜಾನ್ ಜೋಡಿಸಿ, ತಿದ್ದಿ ಪಾಠಕ್ಕೆ ಇಟ್ಟರು. ಇಂದು 'ಪ್ರಾಚೀನ ಸುಯಿಜೆನ್' ಎಂದು ಕಲಿಸುವುದರಲ್ಲಿ ಈ ಮರುಜೋಡಣೆಯ ಪಾಲು ಜಾಸ್ತಿ.

ಲೋಕ ಇದನ್ನು ಕೇಳಿದ್ದು ವೇದಿಕೆಯ ಮೂಲಕವೇ. 1967ರಲ್ಲಿ ತಾಕೆಮಿತ್ಸು ತೊರು ರಚನೆಯನ್ನು ಯೊಕೊಯಾಮಾ ಕಾತ್ಸುಯಾ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಜೊತೆ ನುಡಿಸಿದರು. 1977ರಲ್ಲಿ ಯಾಮಾಗುಚಿ ಗೊರೊ ಊದಿದ ಕೊಕ್ಕರೆ ಗೂಡಿನ ಕೃತಿ ವಾಯೇಜರ್ ನೌಕೆಗಳಲ್ಲಿಟ್ಟ ಧ್ವನಿಮುದ್ರಿಕೆಯ ತಟ್ಟೆಯಲ್ಲಿ ಅಂತರಿಕ್ಷಕ್ಕೆ ಹೋಯಿತು. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರ ಘರಾಣೆಯವರೇ ಅವರು. ತಮಾಷೆಯೆಂದರೆ, ಆ ಯೊಕೊಯಾಮಾ ಅವರ ಗುರುಗಳಲ್ಲೊಬ್ಬರಾದ ವಾತಜುಮಿ ದೋಸೊ ತಮ್ಮ ಬಿದಿರನ್ನು ಶಾಕುಹಾಚಿ ಎಂದು ಕರೆಯಲೂ ಒಪ್ಪುತ್ತಿರಲಿಲ್ಲ. ಅವರಿಗೆ ಅದು ಉಸಿರಾಟದ ಕಸರತ್ತಿನ ಸಲಕರಣೆ.

ಈ ಒಡಕು ಈಗ ಕೊಳಲಿನ ಒಳಗೇ ಇದೆ. ಕಛೇರಿಯ ಕೊಳಲಿಗೆ ಒಳಮೈಗೆ ಲೇಪ ಬಳಿದು, ಉಜ್ಜಿ, ಶ್ರುತಿ ಕರಾರುವಾಕ್ಕಾಗಿ ಕೂರಿಸುತ್ತಾರೆ. ಸಾಧನೆಯವರು ಹೆಚ್ಚಾಗಿ ಲೇಪವಿಲ್ಲದ, ಗಿಣ್ಣುಗಳ ಉಬ್ಬು ಒಳಗೇ ಉಳಿದ ಬಿದಿರು ಕೇಳುತ್ತಾರೆ. ಅಂಥ ಎರಡು ಕೊಳಲು ಒಂದೇ ಶ್ರುತಿಗೆ ಕೂರುವುದು ಅಪರೂಪ. ಹಾಗಾಗಿ ಕಲಿಯಬೇಕು ಅಂದವರಿಗೆ ಅಂಗಡಿಯಲ್ಲೇ ಪ್ರಶ್ನೆ ಎದುರಾಗುತ್ತದೆ: ಕೊತೊ ಜೊತೆ ನುಡಿಸುವ ಆಸೆ ಇದೆಯೋ, ಇಲ್ಲವೋ?