ಸಾಲ ತೀರಿಸದ ಕಿಡ್ನಿ

ಕಿಡ್ನಿಗೆ ಮಾರುಕಟ್ಟೆ ಹುಟ್ಟಿದ್ದು ಒಂದು ಔಷಧದಿಂದ. 1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಅವರ ತಂಡ ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿ ತದ್ರೂಪಿ ಅವಳಿಗಳ ನಡುವಿನದು. ಪಡೆದವನ ದೇಹ ಒಡಹುಟ್ಟಿದವನ ಅಂಗವನ್ನು ತನ್ನದೆಂದೇ ನಂಬಿತು. ಬೇರೆಯವರ ಕಿಡ್ನಿಯಾದರೆ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ವೈರಿ ಎಂದು ಬಗೆದು ಮುಗಿಸಿಬಿಡುತ್ತಿತ್ತು. ಹಾಗಾಗಿ ಬಹಳ ವರ್ಷ ಬದುಕಿರುವ ದಾನಿ ಎಂದರೆ ಹೆಚ್ಚಾಗಿ ರಕ್ತಸಂಬಂಧಿಯೇ. 1980ರ ದಶಕದಲ್ಲಿ, ಆ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಸೈಕ್ಲೋಸ್ಪೊರಿನ್ ಬಂತು. ರಕ್ತದ ಗುಂಪು ಹೊಂದಿ, ಪಡೆಯುವವರ ರಕ್ತ ದಾನಿಯ ಜೀವಕೋಶಗಳ ಮೇಲೆರಗುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆ ನೆಗೆಟಿವ್ ಬಂದರೆ ಗುರುತು ಪರಿಚಯವಿಲ್ಲದವರ ಕಿಡ್ನಿಯೂ ನಡೆಯುತ್ತದೆ ಎಂದಾಯಿತು. ಎಷ್ಟೋ ಜೀವ ಉಳಿಸಿದ ಔಷಧ ಅದು. ಅದು ಬಂದ ಮೇಲೆಯೇ, ಸಾಲದಲ್ಲಿ ಮುಳುಗಿದವನ ಬೆನ್ನೊಳಗಿನ ಸುಮಾರು 150 ಗ್ರಾಂ ತೂಕದ ಅಂಗಕ್ಕೂ ಬೆಲೆ ಕಟ್ಟುವವರು ಬಂದರು.

ಚೆನ್ನೈನ ವಿಲ್ಲಿವಾಕ್ಕಂಗೆ ‘ಕಿಡ್ನಿವಾಕ್ಕಂ’ ಎಂಬ ಅಡ್ಡಹೆಸರು ಬಿದ್ದದ್ದು ಹೀಗೆ. ತಮಿಳುನಾಡಿನ ಪಳ್ಳಿಪಾಳಯಂನ ವಿದ್ಯುತ್ ಮಗ್ಗದ ಕಾರ್ಮಿಕರು, ನೇಪಾಳದ ಹೊಕ್ಸೆ ಹಳ್ಳಿಯ ಬಡವರು, ನಮ್ಮ ಮಾಗಡಿಯ ಕಡೆಯ ಸಾಲಗಾರರು: ಊರು ಬದಲಾದರೂ ಕಥೆ ಅದೇ. ವಾರದ ಕಂತು ಕಟ್ಟಲಾಗದವರ ಮನೆ ಬಾಗಿಲಿಗೆ ದಲ್ಲಾಳಿ ಬರುತ್ತಾನೆ. ಎಷ್ಟೋ ಸಲ ಅವನೇ ಮೊದಲು ಕಿಡ್ನಿ ಮಾರಿದವನು. ಅಂಗಿ ಎತ್ತಿ ಪಕ್ಕೆಯ ಗಾಯದ ಗುರುತು ತೋರಿಸಿ, ‘ನೋಡು, ನನಗೇನಾಗಿದೆ?’ ಎನ್ನುತ್ತಾನೆ. ಅದಕ್ಕಿಂತ ನಂಬಿಕೆ ಹುಟ್ಟಿಸುವ ಜಾಹೀರಾತು ಇಲ್ಲ.

ಏನಾಗುತ್ತದೆ ಎಂಬುದಕ್ಕೆ ಲೆಕ್ಕ ಸಿಕ್ಕಿದೆ. 2001ರಲ್ಲಿ ಚೆನ್ನೈನಲ್ಲಿ ಕಿಡ್ನಿ ಮಾರಿದ 305 ಮಂದಿಯನ್ನು ಸಂಶೋಧಕರು ಮಾತಾಡಿಸಿದರು; ಮರುವರ್ಷ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಶೇ. 96 ಜನ ಮಾರಿದ್ದು ಸಾಲ ತೀರಿಸಲು. ಸಾಲಕ್ಕಾಗಿ ಮಾರಿದವರಲ್ಲಿ ಶೇ. 74 ಮಂದಿ, ಸರಾಸರಿ ಆರು ವರ್ಷ ಕಳೆದ ಮೇಲೂ ಸಾಲಗಾರರಾಗಿಯೇ ಇದ್ದರು. ಕುಟುಂಬದ ಆದಾಯ ಮೂರನೇ ಒಂದು ಪಾಲು ಇಳಿದಿತ್ತು. ಆರೋಗ್ಯ ಕೆಟ್ಟಿತು ಎಂದವರು ಶೇ. 86. ಬೇರೆಯವರಿಗೆ ‘ನೀವೂ ಮಾರಿ’ ಎಂದು ಹೇಳಲಾರೆವು ಎಂದವರು ಶೇ. 79. ಒಪ್ಪಿದ್ದ ಹಣ ಪೂರ್ತಿ ಕೈಗೆ ಬರಲಿಲ್ಲ ಎನ್ನುವುದು ಬೇರೆ. ಬಡತನಕ್ಕೆ ಕಿಡ್ನಿ ಒಂದು ದಾರಿ ಎನ್ನುವವರ ಮುಂದೆ ನಾನು ಮೊದಲು ಇಡುವುದು ಈ ಅಂಕಿಗಳನ್ನೇ.

ಹಾಗಾದರೆ ತಾಯಿ ಮಗನಿಗೆ ಕಿಡ್ನಿ ಕೊಟ್ಟು ಆರೋಗ್ಯವಾಗಿಯೇ ಇರುವುದು ಹೇಗೆ? ವ್ಯತ್ಯಾಸ ಇರುವುದು ಆರೈಕೆಯಲ್ಲಿ. ಸರಿಯಾದ ಕಸಿ ಕೇಂದ್ರದಲ್ಲಿ ದಾನಿಯ ರಕ್ತದೊತ್ತಡ, ಸಕ್ಕರೆ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ, ಮೂತ್ರದ ಪ್ರೋಟೀನ್, ಎರಡೂ ಕಿಡ್ನಿಗಳು ಸೋಸುವ ಪ್ರಮಾಣ, ರಕ್ತನಾಳಗಳ ಸಿಟಿ ಆಂಜಿಯೊ ಎಲ್ಲ ನೋಡುತ್ತಾರೆ. ಎರಡರಲ್ಲಿ ಒಂದು ತುಸು ದುರ್ಬಲವಿದ್ದರೆ ಅದನ್ನೇ ತೆಗೆದು, ಒಳ್ಳೆಯದನ್ನು ದಾನಿಗೆ ಬಿಡುವುದು ನಿಯಮ. ಉಳಿದ ಕಿಡ್ನಿ ಕೆಲವೇ ವಾರಗಳಲ್ಲಿ ದುಡಿಮೆ ಹೆಚ್ಚಿಸಿಕೊಂಡು, ಮೊದಲು ಎರಡೂ ಸೇರಿ ಮಾಡುತ್ತಿದ್ದ ಕೆಲಸದ ಶೇ. 70ರಷ್ಟನ್ನು ಹೊರುತ್ತದೆ. ಇಷ್ಟು ಜಾಗ್ರತೆಯ ನಡುವೆಯೂ ಅಪಾಯ ಸೊನ್ನೆಯಲ್ಲ. ಅಮೆರಿಕದ 1994ರಿಂದ 2009ರವರೆಗಿನ ದಾಖಲೆಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಸತ್ತವರು 10 ಸಾವಿರಕ್ಕೆ ಸುಮಾರು 3 ಮಂದಿ. ಜೀವಮಾನದಲ್ಲಿ ಕಿಡ್ನಿ ವೈಫಲ್ಯಕ್ಕೆ ಒಳಗಾಗುವ ದಾನಿಗಳು 10 ಸಾವಿರಕ್ಕೆ ಸುಮಾರು 90. ದಾನ ಮಾಡದ, ಅಷ್ಟೇ ಆರೋಗ್ಯವಂತರಲ್ಲಿ 14. ದಂಧೆಯಲ್ಲಿ ನಡೆಯುವ ಪರೀಕ್ಷೆಗಳು ಉತ್ತರಿಸುವುದು ಒಂದೇ ಪ್ರಶ್ನೆಗೆ: ಈ ಕಿಡ್ನಿ ಕೊಳ್ಳುವವರಿಗೆ ಹೊಂದುತ್ತದೆಯೇ? ಕೊಡುವವರಿಗೆ ಮುಂದೇನು ಎಂದು ಕೇಳುವವರಿಲ್ಲ.

ದಂಧೆಯ ನಿಜವಾದ ಕೆಲಸ ನಡೆಯುವುದು ಕಾಗದದ ಮೇಲೆ. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಮಾರಾಟವನ್ನು ಅಪರಾಧವೆಂದಿತು. ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು, 2011ರ ತಿದ್ದುಪಡಿಯ ನಂತರ ಅಜ್ಜ, ಅಜ್ಜಿ, ಮೊಮ್ಮಕ್ಕಳು ಹತ್ತಿರದ ಸಂಬಂಧಿಗಳು. ಉಳಿದವರು ‘ಪ್ರೀತಿ, ಒಡನಾಟ’ದ ಕಾರಣಕ್ಕೆ ಕೊಡಬಹುದು, ಅದಕ್ಕೆ ಅನುಮೋದನಾ ಸಮಿತಿಯ ಒಪ್ಪಿಗೆ ಬೇಕು. ದಲ್ಲಾಳಿ ನುಗ್ಗುವುದು ಈ ಎರಡು ಬಾಗಿಲುಗಳಿಂದಲೇ: ಸುಳ್ಳು ಮದುವೆ ಪತ್ರ, ತಿದ್ದಿದ ಆಧಾರ್, ಖೋಟಾ ವಂಶವೃಕ್ಷ, ಇಲ್ಲವೇ ಬಾಯಿಪಾಠ ಮಾಡಿಸಿದ ಸ್ನೇಹದ ಕಥೆ.

ಸಮಿತಿ ಏನು ನೋಡಬೇಕೆಂದು 2014ರ ನಿಯಮಗಳು ಬಿಡಿಸಿ ಹೇಳಿವೆ. ಇಬ್ಬರ ಪರಿಚಯ ಹೇಗಾಯಿತು, ಒಟ್ಟಿಗಿರುವ ಹಳೆಯ ಫೋಟೊ ಇದೆಯೇ, ನಡುವೆ ದಲ್ಲಾಳಿ ಇದ್ದಾನೆಯೇ, ಇಬ್ಬರ ಮೂರು ವರ್ಷದ ಆದಾಯದ ದಾಖಲೆಗಳಲ್ಲಿ ಅಜಗಜಾಂತರ ಇದೆಯೇ, ದಾನಿಯ ಮನೆಯವರಿಗೆ ವಿಷಯ ಗೊತ್ತೇ. ಸಂದರ್ಶನದ ವಿಡಿಯೊ ಚಿತ್ರೀಕರಣವೂ ಆಗಬೇಕು. ಇಷ್ಟೆಲ್ಲ ಇದ್ದೂ ಸೋಲುವುದು, ಸಮಿತಿ ಬರೀ ಕಾಗದ ಓದಿ ಸುಮ್ಮನಾದಾಗ. ದಾನಿಯನ್ನು ಒಂಟಿಯಾಗಿ, ಅವರದೇ ಭಾಷೆಯಲ್ಲಿ, ದಂಧೆಗೆ ಸಂಬಂಧವಿಲ್ಲದ ದುಭಾಷಿಯ ಮೂಲಕ ಮಾತಾಡಿಸಿದರೆ ಕಲಿಸಿದ ಪಾಠ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಲಂಡನ್ನಿನಲ್ಲಿ ಅಂಥ ಪಾಠ ನಿಲ್ಲಲಿಲ್ಲ. ಲಾಗೋಸ್‌ನ ಬೀದಿ ವ್ಯಾಪಾರಿ ತರುಣನೊಬ್ಬನನ್ನು ರೋಗಿಯ ಸೋದರಸಂಬಂಧಿ ಎಂದು ಹೇಳಿ ಕರೆತಂದಿದ್ದರು. ಅನುಮಾನಗೊಂಡ ತಜ್ಞ ವೈದ್ಯರು ಕಸಿಗೆ ಒಪ್ಪಲಿಲ್ಲ. ತರುಣ ಕೊನೆಗೆ ಪೊಲೀಸ್ ಠಾಣೆ ಸೇರಿದ. ಅವನನ್ನು ಕರೆತರಿಸಿದ್ದ ನೈಜೀರಿಯಾದ ಸೆನೆಟರ್ ಐಕ್ ಎಕ್ವೆರೆಮಾಡುಗೆ 2023ರಲ್ಲಿ 9 ವರ್ಷ 8 ತಿಂಗಳ ಜೈಲು ಶಿಕ್ಷೆಯಾಯಿತು. ಅವರ ಪತ್ನಿಗೂ ಒಬ್ಬ ವೈದ್ಯನಿಗೂ ಶಿಕ್ಷೆಯಾಯಿತು.

ಇದು ಬರೀ ಅಕ್ರಮ ಕಸಿಯಲ್ಲ, ಮಾನವ ಕಳ್ಳಸಾಗಣೆ. 2000ದ ಪಲೆರ್ಮೊ ಒಪ್ಪಂದ ಅಂಗ ತೆಗೆಯಲು ಜನರನ್ನು ಸಾಗಿಸುವುದನ್ನೂ ಆ ಹೆಸರಿನಿಂದಲೇ ಕರೆಯಿತು. ನಮ್ಮ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಬಲವಂತವಾಗಿ ಅಂಗ ತೆಗೆಯುವುದನ್ನು ಶೋಷಣೆಯ ಪಟ್ಟಿಗೆ ಸೇರಿಸಿ, ಬಲಿಪಶುವಿನ ಒಪ್ಪಿಗೆಗೆ ಬೆಲೆಯಿಲ್ಲ ಎನ್ನುತ್ತದೆ. ಕಸಿ ಕಾಯ್ದೆ ಮಾತ್ರ ಹಣ ಪಡೆದವರನ್ನೂ ಅಪರಾಧಿ ಎನ್ನುತ್ತದೆ: 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ. ಮೋಸ ಹೋದವರು ಬಾಯಿ ಬಿಡದಿರಲು ಇದೊಂದೇ ಸಾಕು. ಇನ್ನೊಂದು ತೊಡಕೂ ಇದೆ. ಈ ಕಾಯ್ದೆಯಡಿ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳಲು, ಕಸಿಗಳ ಮೇಲೆ ಕಣ್ಣಿಡಲು ಸರ್ಕಾರ ನೇಮಿಸಿದ ಸಕ್ಷಮ ಪ್ರಾಧಿಕಾರವೇ ದೂರು ಕೊಡಬೇಕು, ಅಥವಾ ದೂರುದಾರರು ಆ ಪ್ರಾಧಿಕಾರಕ್ಕೆ 60 ದಿನ ಮೊದಲು ನೋಟಿಸ್ ಕೊಟ್ಟಿರಬೇಕು. ಅಷ್ಟರಲ್ಲಿ ದಲ್ಲಾಳಿಯ ಫೋನ್ ನಂಬರ್ ಬದಲಾಗಿರುತ್ತದೆ. ಮಾರಿದವರನ್ನು ಶಿಕ್ಷೆಯಿಂದ ಹೊರಗಿಡದೆ ಈ ಜಾಲ ಒಡೆಯುವುದು ಕಷ್ಟ ಎಂದು ನನ್ನ ದೃಢ ಅಭಿಪ್ರಾಯ.

ಕಾನೂನೇ ಒಪ್ಪುವ ಹಣವೂ ಉಂಟು, ಹೆಚ್ಚಿನವರಿಗೆ ಇದು ಗೊತ್ತಿಲ್ಲ. ದಾನದಿಂದ ನೇರವಾಗಿ ಆದ ಖರ್ಚು ಮತ್ತು ಕಳೆದುಕೊಂಡ ಕೂಲಿಯನ್ನು ತುಂಬಿಕೊಡುವುದು ಮಾರಾಟವಲ್ಲ. ಅದರಾಚೆಗೆ ಒಂದು ರೂಪಾಯಿ ‘ಬೆಲೆ’ಯಾದರೂ ಅಪರಾಧ. ‘ಕಿಡ್ನಿಗೆ ಕೋಟಿ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಎನ್ನುವ ವಾಟ್ಸ್‌ಆ್ಯಪ್ ಸಂದೇಶಗಳೆಲ್ಲ ಹಸಿ ಮೋಸ. ಕೊಳ್ಳುವ ಆಸ್ಪತ್ರೆ ಎಂಬುದೇ ಇಲ್ಲ.

ಸರ್ಕಾರವೇ ದರ ಕಟ್ಟಿ ಕೊಳ್ಳಲಿ ಎನ್ನುವವರು ಇರಾನಿನತ್ತ ಕೈ ತೋರಿಸುತ್ತಾರೆ. 1988ರಿಂದ ಅಲ್ಲಿ ಕಿಡ್ನಿಗೆ ಹಣ ಪಡೆಯುವುದು ಕಾನೂನುಬದ್ಧ. ಅಲ್ಲಿಯೂ ಮಾರುವವರು ಬಡವರೇ. ಕೊರತೆ ನೀಗಲು ನಮಗಿರುವ ದಾರಿ ಮರಣಾನಂತರದ ದಾನ. 2023ರಲ್ಲಿ ದೇಶದಲ್ಲಿ 18 ಸಾವಿರಕ್ಕೂ ಹೆಚ್ಚು ಅಂಗ ಕಸಿಗಳಾದವು, ಮರಣಾನಂತರ ದಾನಿಗಳು ಸುಮಾರು 1,100 ಮಾತ್ರ. ಕರ್ನಾಟಕದಲ್ಲಿ ಈ ಹಂಚಿಕೆ ನೋಡಿಕೊಳ್ಳುವುದು ‘ಜೀವಸಾರ್ಥಕತೆ’. ನಾಲ್ವರು ವೈದ್ಯರ ತಂಡ, ಆರು ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಮಿದುಳು ಸಾವನ್ನು ಖಚಿತಪಡಿಸಿದ ಮೇಲೂ ಮನೆಯವರ ಒಪ್ಪಿಗೆ ಬೇಕು. ದಾನಿ ಕಾರ್ಡ್ ಜೇಬಿನಲ್ಲಿದ್ದರೆ ಸಾಲದು, ಮನೆಯಲ್ಲಿ ಹೇಳಿರಬೇಕು.

ಈಗಾಗಲೇ ಮಾರಿದವರ ಮಾತು ಉಳಿಯಿತು. ಮಗ್ಗದ ಮುಂದೆ ದಿನವಿಡೀ ನಿಂತವರಿಗೆ ಸಂಜೆ ಬೆನ್ನು ಹಿಡಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ಡೈಕ್ಲೊಫಿನಾಕ್ ಅಥವಾ ಐಬುಪ್ರೊಫೆನ್ ಕೊಂಡು ನುಂಗುತ್ತಾರೆ. ಈ ನೋವಿನ ಮಾತ್ರೆಗಳು ಕಿಡ್ನಿಗೆ ಹರಿಯುವ ರಕ್ತವನ್ನು ತಗ್ಗಿಸುತ್ತವೆ. ದಿನಾ ನುಂಗಿದರೆ ಉಳಿದ ಒಂದೇ ಕಿಡ್ನಿಗೆ ಪೆಟ್ಟು. ಸಿಕ್ಕಿಬೀಳುವ ಭಯದಲ್ಲಿ ಅವರು ಆಸ್ಪತ್ರೆಗೂ ಹೋಗುವುದಿಲ್ಲ. ವರ್ಷಕ್ಕೊಮ್ಮೆ ರಕ್ತದೊತ್ತಡ, ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ನೋಡಿಸಿದರೆ ತೊಂದರೆ ಬೇಗ ತಿಳಿಯುತ್ತದೆ, ತಾಲ್ಲೂಕು ಆಸ್ಪತ್ರೆಯಲ್ಲೂ ಇದು ಸಾಧ್ಯ. ಕಿಡ್ನಿ ಹೇಗೆ ಹೋಯಿತೆಂದು ಅಲ್ಲಿ ವಿವರಿಸಬೇಕಿಲ್ಲ. ‘ನನಗಿರುವುದು ಒಂದೇ ಕಿಡ್ನಿ’ ಎಂದಷ್ಟು ಹೇಳಿದರೆ, ಯಾವ ಮಾತ್ರೆ ಬರೆಯಬಾರದೆಂದು ವೈದ್ಯರಿಗೆ ಗೊತ್ತಾಗುತ್ತದೆ.